ಮಂತ್ರಿ ಎಂದು ಬರೆದವರು ಯಾರು

ನಮ್ಮಪ್ಪ ಬೆಂಗಳೂರಿನಲ್ಲಿ ಗೂಟದ ಕಾರು ಓಡಿಸುತ್ತಿದ್ದರು. ಸರ್ಕಾರಗಳು ಬೀಳುತ್ತಿದ್ದವು, ಹಿಂದಿನ ಸೀಟಿನಲ್ಲಿ ಕೂರುವ ಮಂತ್ರಿಗಳು ಬದಲಾಗುತ್ತಿದ್ದರು, ಅಪ್ಪ ಮಾತ್ರ ಅದೇ ಬಿಳಿ ಸಮವಸ್ತ್ರದಲ್ಲಿ ಮುಂದಿನ ಸೀಟಿನಲ್ಲಿ ಇರುತ್ತಿದ್ದರು. ಅಧಿಕಾರ ಹೋದವರನ್ನು ಎದುರಿಗೆ ‘ಮಾಜಿ’ ಅನ್ನಬಾರದೆಂಬುದು ನಮ್ಮ ಮನೆಯ ಕಟ್ಟುನಿಟ್ಟು. “ಒಂದ್ಸಲ ಮಂತ್ರಿ ಆದ್ರೆ ಸಾಯೋ ತನಕ ಮಂತ್ರಿಗಳೇ ಕಣಮ್ಮ. ಮಾಜಿ ಅನ್ನೋದು ಪೇಪರ್‌ನೋರ ಭಾಷೆ” ಅನ್ನುತ್ತಿದ್ದರು. ನಮ್ಮ ಬೀದಿಯ ಹೆಡ್‌ಮಾಸ್ತರು ನಿವೃತ್ತರಾಗಿ ಹದಿನೈದು ವರ್ಷವಾಗಿತ್ತು. ಅವರು ರೇಷನ್ ಕಾರ್ಡಿನ ಅರ್ಜಿಯಲ್ಲೂ ಹೆಡ್‌ಮಾಸ್ತರೇ ಆಗಿದ್ದರು. ಇದರಲ್ಲಿ ಸುಳ್ಳೇನಾದರೂ ಇದೆಯೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಈ ಅಭ್ಯಾಸದಿಂದ ನ್ಯೂಜಿಲೆಂಡಿನಲ್ಲಿ ಒಬ್ಬ ವೃದ್ಧರಿಗೆ ನಾನು ಏನು ಮಾಡಿದೆ ಎಂಬುದನ್ನು ಬರೆಯಬೇಕು. ಬರೆಯಲು ಸಂತೋಷವೇನಿಲ್ಲ.

2014ರ ಚಳಿಗಾಲ. ಓದಲೆಂದು ಬಂದು, ಓದು ಮುಗಿಸಿ, ವೆಲ್ಲಿಂಗ್ಟನ್ನಿನ ಒಂದು ಸಣ್ಣ ವೀಸಾ ಸಲಹಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಗ್ರಾಹಕರ ಮನೆಗೆ ಹೋಗಿ ಕಾಗದಪತ್ರ ಕಲೆಹಾಕುವುದು, ಅರ್ಜಿ ತುಂಬುವುದು ನನ್ನ ಕೆಲಸ. ಅದನ್ನು ಓದಿ ನೋಡಿ ಸಹಿ ಹಾಕಿ ಕಳಿಸುವುದು ಕಚೇರಿಯ ಒಡತಿಯ ಕೆಲಸ. ಅವರು ಐವತ್ತು ದಾಟಿದ, ನ್ಯೂಜಿಲೆಂಡಿನವರೇ ಆದ ಹೆಂಗಸು. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಮಾತ್ರ ನಾಲಿಗೆ ಏಳದೆ ಅವರನ್ನು ಮೇಡಂ ಅನ್ನುತ್ತಿದ್ದೆ. ಅವರು ನಕ್ಕು ಸುಮ್ಮನಾಗಿದ್ದರು. ನನ್ನ ವೀಸಾ ನಿಂತಿದ್ದೇ ಆ ಕೆಲಸದ ಮೇಲೆ. ಕೆಲಸ ಹೋದರೆ ವೀಸಾ ಹೋಗುತ್ತಿತ್ತು, ಸಾಲಿನಲ್ಲಿ ಕಾಯುತ್ತಿದ್ದ ನನ್ನ ಪಿ.ಆರ್., ಅಂದರೆ ಕಾಯಂ ವಾಸದ ಅರ್ಜಿಯೂ ಹೋಗುತ್ತಿತ್ತು.

ಆ ವೃದ್ಧರು ವೆಲ್ಲಿಂಗ್ಟನ್ನಿನ ಪಕ್ಕದ ಊರಾದ ಲೋವರ್ ಹಟ್‌ನಲ್ಲಿ ಮಗಳ ಮನೆಯಲ್ಲಿದ್ದರು. ಉಕ್ರೇನಿನವರು. ಮಗಳು ಇಲ್ಲಿನ ಸಂಶೋಧನಾಲಯವೊಂದರಲ್ಲಿ ವಿಜ್ಞಾನಿ, ನನಗಿಂತ ಏಳೆಂಟು ವರ್ಷ ದೊಡ್ಡವಳು. ಆರು ತಿಂಗಳು ಇದ್ದು ಹೋಗಲು ಬಂದಿದ್ದ ಅಪ್ಪನ ಊರಿಗೆ, ಅವರು ಇಲ್ಲಿದ್ದಾಗಲೇ ಯುದ್ಧ ಹತ್ತಿಕೊಂಡಿತ್ತು. ಅವರ ಬೀದಿಯಲ್ಲಿ ಷೆಲ್ ಬಿದ್ದು ಅಕ್ಕಪಕ್ಕದವರು ಊರು ಬಿಟ್ಟಿದ್ದರು. ಎಪ್ಪತ್ತೊಂದು ವರ್ಷ, ಹೆಂಡತಿ ತೀರಿಕೊಂಡಿದ್ದರು, ಇದ್ದವಳು ಇವಳೊಬ್ಬಳೇ ಮಗಳು. ವಾಸದ ಅವಧಿಯನ್ನು ವಿಸ್ತರಿಸಬೇಕೆಂಬುದು ಅರ್ಜಿ. ಸಿಕ್ಕರೆ ಮಗಳ ಜೊತೆ ಇರುತ್ತಾರೆ, ಸಿಗದಿದ್ದರೆ ಯುದ್ಧದೊಳಕ್ಕೆ ವಾಪಸ್ಸು.

ನನ್ನ ಮನೆಯೂ ಲೋವರ್ ಹಟ್‌ನಲ್ಲೇ ಇದ್ದುದರಿಂದ ಮೇಡಂ ಈ ಕೆಲಸ ನನಗೆ ಹಚ್ಚಿದರು. ಮೂರು ಶನಿವಾರ ಆ ಮನೆಗೆ ಹೋದೆ. ಮೊದಲ ದಿನ ಮಗಳು, “ನಮ್ಮಪ್ಪ ಒಂದು ಕಾಲದಲ್ಲಿ ಕಲ್ಲಿದ್ದಲು ಖಾತೆಯ ಮಂತ್ರಿಯಾಗಿದ್ದರು” ಎಂದಾಗ ನಾನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟೆ. ರಕ್ತದಲ್ಲೇ ಬಂದದ್ದು. ಅಲ್ಲಿಂದ ಮುಂದೆ ಅವರನ್ನು “ಮಿನಿಸ್ಟರ್ ಸರ್” ಎಂದೇ ಕರೆದೆ. ಹಾಗೆಂದಾಗಲೆಲ್ಲ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ದೊಡ್ಡ ಮನುಷ್ಯರ ಸಂಕೋಚ ಅಂದುಕೊಂಡೆ.

ಅರ್ಜಿಯ ಒಳಗೆ ಒಂದು ಪಟ್ಟಿಯಿತ್ತು. ಮಾಡಿದ ಕೆಲಸ, ಎಲ್ಲಿಂದ ಎಲ್ಲಿಯವರೆಗೆ, ಬಿಟ್ಟದ್ದೇಕೆ ಎಂದೆಲ್ಲ ತುಂಬಬೇಕು. ಅವರ ಇಂಗ್ಲಿಷ್ ತುಂಡುತುಂಡು. ತಡೆದಲ್ಲಿ ಮಗಳು ಪೂರ್ತಿ ಮಾಡುತ್ತಿದ್ದಳು. ಹತ್ತೊಂಬತ್ತಕ್ಕೆ ಗಣಿಗೆ ಇಳಿದ ಎಲೆಕ್ಟ್ರಿಷಿಯನ್. ಕೆಲಸ ಮಾಡುತ್ತಲೇ ಓದಿ ಇಂಜಿನಿಯರ್. ನಲವತ್ತು ತುಂಬುವ ಮೊದಲೇ ಅದೇ ಗಣಿಯ ಮುಖ್ಯಸ್ಥ. ಸಂಬಳ ಸಿಗದ ಕಾರ್ಮಿಕರು ರಾಜಧಾನಿಗೆ ನಡೆದು ಹೊರಟಾಗ ಬೇರೆ ಗಣಿಗಳ ಮುಖ್ಯಸ್ಥರೆಲ್ಲ ಬಾಗಿಲು ಹಾಕಿಕೊಂಡು ಕೂತರೆ, ಇವರು ಅವರ ಜೊತೆಗೇ ನಡೆದರು. ಕಾರ್ಮಿಕರು ಹೆಲ್ಮೆಟ್ಟಿನಿಂದ ರಸ್ತೆಯ ಕಲ್ಲು ಕುಟ್ಟುತ್ತ ಕೂತಿದ್ದರಂತೆ. ಇವರು ಮೇಜಿನ ಮೇಲೆ ಗೆಣ್ಣಿನಿಂದ ಕುಟ್ಟಿ ಆ ಸದ್ದು ತೋರಿಸಿದರು. ಆ ನಡಿಗೆಯೇ ಅವರನ್ನು ಸಂಸತ್ತಿಗೆ ಒಯ್ದಿತು. ಅಲ್ಲಿ ಎರಡು ಅವಧಿ, ಮಧ್ಯೆ ಎರಡು ಸಲ ಪಕ್ಷ ಬದಲು.

“ಪಕ್ಷದ ಹೆಸರು ಬರೆಯಲೇ?” ಅಂದೆ.

“ಬಿಡಿ. ಪಕ್ಷ ಬರೆದರೆ ಕಾಗದ ಸಾಲದು” ಅಂದರು. ನಮ್ಮ ಕಡೆಯವರೇ ಇರಬೇಕು ಅನ್ನಿಸಿ ನನಗೆ ನಗು ಬಂತು.

ಆಮೇಲೆ ಹದಿನಾಲ್ಕು ತಿಂಗಳು ಮಂತ್ರಿ. ಬಿಟ್ಟದ್ದೇಕೆ ಎಂಬಲ್ಲಿ ಅವರು ತಡೆದರು. ಕಾರಿನಲ್ಲಿ ಹೋಗುತ್ತಿದ್ದಾಗ ರೇಡಿಯೋ ವಾರ್ತೆಯಲ್ಲಿ ಹೊಸ ಮಂತ್ರಿಗಳ ಪಟ್ಟಿ ಬಂತು, ಅದರಲ್ಲಿ ತಮ್ಮ ಹೆಸರಿರಲಿಲ್ಲ ಅಂದರು. “ಡ್ರೈವರ್ ರೇಡಿಯೋ ಆರಿಸಿದ. ಒಳ್ಳೆಯ ಮನುಷ್ಯ.” ಅಂಥದೇ ಒಂದು ಸಂಜೆ ಅಪ್ಪ ಮನೆಗೆ ಬಂದು ಊಟ ಬೇಡ ಅಂದದ್ದು ನೆನಪಾಗಿ ನನಗೆ ಇವರ ಮೇಲೆ ಇನ್ನಷ್ಟು ಅಕ್ಕರೆ ಹುಟ್ಟಿತು. ‘ಸಚಿವ ಸಂಪುಟದ ಬದಲಾವಣೆ’ ಎಂದು ಬರೆದುಕೊಂಡೆ. ಅನಂತರ ಊರಿನ ತಾಂತ್ರಿಕ ಕಾಲೇಜಿನಲ್ಲಿ ಪಾಠ, ನಿವೃತ್ತಿ.

ಒಳಗಿನ ಪಟ್ಟಿಯಲ್ಲಿ ಎಲ್ಲ ವರ್ಷಗಳನ್ನೂ ಸರಿಯಾಗಿಯೇ ತುಂಬಿದೆ. ಮೊದಲ ಪುಟದಲ್ಲಿ ‘ಈಗಿನ ಉದ್ಯೋಗ’ ಎಂಬ ಪುಟ್ಟ ಚೌಕವಿತ್ತು. ಸಂಸತ್ತನ್ನೂ ಮಂತ್ರಿಮಂಡಲವನ್ನೂ ಕಂಡ ಮನುಷ್ಯನಿಗೆ ‘ಏನೂ ಇಲ್ಲ’ ಎಂದು ಬರೆಯಲು ನನ್ನ ಕೈ ಬರಲಿಲ್ಲ. ‘ಮಂತ್ರಿ, ಕಲ್ಲಿದ್ದಲು ಖಾತೆ’ ಎಂದು ಬರೆದೆ. ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ. ಅವರು ನಾನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕಿದರು. ಮೇಡಂ ಕೊನೆಯ ಪುಟ ತೆರೆದು ತಮ್ಮ ಸಹಿ ಹಾಕಿದರು. ಮೊದಲ ಪುಟವನ್ನು ಅವರು ಓದಲಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಆರು ವಾರದ ಮೇಲೆ ವಲಸೆ ಇಲಾಖೆಯಿಂದ ಕಾಗದ ಬಂತು. ಅರ್ಜಿದಾರರು ಒಂದು ಪುಟದಲ್ಲಿ ಹಾಲಿ ಮಂತ್ರಿ ಎಂದಿದ್ದಾರೆ, ಇನ್ನೊಂದು ಪುಟದಲ್ಲಿ ಆ ಹುದ್ದೆ ಬಿಟ್ಟು ಎಷ್ಟೋ ವರ್ಷವಾಯಿತು ಎಂದಿದ್ದಾರೆ. ಹಾಲಿ ಮಂತ್ರಿಯಾದವರಿಗೆ ಸ್ವದೇಶದಲ್ಲಿ ರಕ್ಷಣೆ ಇಲ್ಲವೆಂಬುದನ್ನು ಹೇಗೆ ನಂಬುವುದು? ಸುಳ್ಳು ಮಾಹಿತಿ ಕೊಟ್ಟವರಿಗೆ ವೀಸಾ ನಿರಾಕರಿಸಬಹುದು. ಖುದ್ದಾಗಿ ಬಂದು ವಿವರಣೆ ಕೊಡಿ.

ಕಾಗದ ಹಿಡಿದು ಮೇಡಂ ಕೋಣೆಗೆ ಹೋದೆ. ಅವರು ಬಾಗಿಲು ಹಾಕಿಸಿದರು.

“ಈ ಪದ ಅವರು ಹೇಳಿ ಬರೆಸಿದ್ದೋ, ನೀನೇ ಬರೆದದ್ದೋ?”

“ನಾನೇ.”

ಅವರು ಕನ್ನಡಕ ಹಾಕಿಕೊಂಡರು. ಆಮೇಲೆ ಅರ್ಜಿಯ ಕೊನೆಯ ಪುಟ ತಿರುಗಿಸಿ ನನ್ನ ಮುಂದೆ ತಳ್ಳಿದರು. “ಇಲ್ಲಿ ನೋಡು. ಎಲ್ಲವನ್ನೂ ಓದಿ ತಿಳಿದಿದ್ದೇನೆ ಎಂಬುದರ ಕೆಳಗಿನ ಸಹಿ ಅವರದು. ಗ್ರಾಹಕ ಹೇಳಿದ್ದನ್ನು ನಾವು ಬರೆದೆವು. ಅಷ್ಟೇ. ಇದು ಕಚೇರಿಯ ತಪ್ಪೆಂದಾದರೆ ನನ್ನ ಲೈಸೆನ್ಸಿನ ಪ್ರಶ್ನೆ ಬರುತ್ತದೆ. ನಿನ್ನನ್ನು ಇಟ್ಟುಕೊಳ್ಳುವುದಕ್ಕೂ ಆಗುವುದಿಲ್ಲ.” ಗದರಲಿಲ್ಲ, ಹೆದರಿಸಲಿಲ್ಲ. ಬಸ್ಸಿನ ವೇಳೆ ಹೇಳಿದಂತೆ ಹೇಳಿದರು. ನಾನು ತಲೆಯಾಡಿಸಿ ಹೊರಗೆ ಬಂದೆ.

ಆ ಶನಿವಾರ ಅವರ ಮನೆಗೆ ವಿಷಯ ತಿಳಿಸಲು ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕನ್ನಡದಲ್ಲೇ ಯೋಚಿಸಿದ್ದೆ, ಅದನ್ನೇ ಇಂಗ್ಲಿಷಿಗೆ ಎತ್ತಿ ಹಾಕಿದೆ. ‘ತಪ್ಪಾಗಿದೆ’ ಎಂದೆ. ಇಂಗ್ಲಿಷಿನಲ್ಲಿ ಅದು ‘ಒಂದು ತಪ್ಪು ಘಟಿಸಿದೆ’ ಎಂದಂತಾಯಿತು. ನಮ್ಮಲ್ಲಿ ಕಾಲು ತುಳಿದರೂ, ಹಾಲು ಉಕ್ಕಿಸಿದರೂ ತಪ್ಪಾಯ್ತು ಅಂದರೆ ಮುಗಿಯಿತು. ಮಾಡಿದವರು ಯಾರೆಂದು ಆ ಮಾತಿನಲ್ಲಿ ಇರುವುದೇ ಇಲ್ಲ.

ವೃದ್ಧರು ತಲೆಯೆತ್ತಿದರು. “ಘಟಿಸಿತೇ? ತಾನೇ?”

ನಾನು ಇಲಾಖೆಯ ಕಾಗದವನ್ನು ಮೇಜಿನ ಮೇಲಿಟ್ಟೆ.

“ನಮ್ಮ ಮಂತ್ರಾಲಯದಲ್ಲೂ ತಪ್ಪುಗಳು ತಾವೇ ಘಟಿಸುತ್ತಿದ್ದವು” ಎಂದು, ಮಗಳ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಮಾತಾಡತೊಡಗಿದರು. ಅವಳು ಮೊದಲು ಬೇಡ ಬೇಡ ಅಂದಳು. ಆಮೇಲೆ ಒಂದೊಂದೇ ವಾಕ್ಯ ಇಂಗ್ಲಿಷಿನಲ್ಲಿ ಹೇಳಿದಳು.

ಅವರು ಮಂತ್ರಿಯಾಗಿ ಹತ್ತನೆಯ ತಿಂಗಳಲ್ಲಿ ಒಂದು ಗಣಿಯೊಳಗೆ ಅನಿಲ ಸ್ಫೋಟವಾಗಿ ಜನ ಸತ್ತಿದ್ದರು. ತಿಂಗಳ ಗುರಿ ಮುಟ್ಟುವವರೆಗೂ ಅಗೆತ ನಿಲ್ಲಿಸಬೇಡಿ ಎಂದು ಇವರ ಕಚೇರಿಯಿಂದಲೇ ಫೋನು ಹೋಗಿತ್ತು. ಫೋನಿಗೆ ಕಾಗದವಿಲ್ಲ. ಕಾಗದ ಇದ್ದದ್ದು ಅನಿಲ ಅಳೆಯುವ ನೌಕರನ ಪುಸ್ತಕದಲ್ಲಿ. ಎಲ್ಲ ಸರಿಯಿದೆ ಎಂದು ಬರೆಯಲು ಅವನಿಗೆ ಮೇಲಿನವರು ಹೇಳಿದ್ದರು, ಅವನು ಬರೆದು ಸಹಿ ಹಾಕಿದ್ದ. ಅವತ್ತು ಸಂಜೆ ಇವರು ಟಿವಿಯಲ್ಲಿ ಆ ಪುಸ್ತಕ ಎತ್ತಿ ಹಿಡಿದು, “ಸಹಿ ಇವನದು” ಅಂದರು. ಹಾಗಾಗಿ ಇನ್ನೂ ನಾಲ್ಕು ತಿಂಗಳು ಮಂತ್ರಿಯಾಗಿ ಉಳಿದರು. ಆ ನೌಕರ ಜೈಲಿಗೆ ಹೋಗಿ ಎರಡನೆಯ ವರ್ಷದಲ್ಲಿ ಅಲ್ಲೇ ತೀರಿಕೊಂಡ. ಒಂದು ದಿನ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಅವನ ಹೆಂಡತಿ ಇವರ ಬೆನ್ನ ಹಿಂದೆ ನಿಂತು “ಮಂತ್ರಿಗಳೇ, ಮಂತ್ರಿಗಳೇ, ಮಂತ್ರಿಗಳೇ” ಎಂದು ಮೂರು ಸಲ ಗಟ್ಟಿಯಾಗಿ ಕರೆದಳು. ಬೇರೇನೂ ಹೇಳಲಿಲ್ಲ. ಆಮೇಲೆ ಅವರ ಮನೆಯಲ್ಲಿ ಯಾರೂ ಅವರನ್ನು ಆ ಪದದಿಂದ ಕರೆದಿಲ್ಲ.

ಮೂರು ಶನಿವಾರ ಉದ್ದಕ್ಕೂ ಅವರ ಮುಖಕ್ಕೇ ನಾನು ಅದನ್ನು ಆಡಿದ್ದೆ. ನಾಚಿಕೆಯಿಂದ ನೆಲ ನೋಡಿದೆ.

“ನಿಮ್ಮ ಕಾಗದ?” ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. “ನೀವು ಇಲ್ಲಿ ಇರುವ ಕಾಗದ?”

“ಇನ್ನೂ ಬಂದಿಲ್ಲ. ಈ ಕೆಲಸ ಇದ್ದರೆ ಬರುತ್ತದೆ.”

ಅವರು ಹೂಂ ಅಂದು ಚಹಾ ಲೋಟವನ್ನು ನನ್ನ ಕಡೆ ಸರಿಸಿದರು.

ವಿಚಾರಣೆಗೆ ನಾಲ್ಕು ದಿನವಿತ್ತು. ಭಾನುವಾರ ಸಂಜೆ ಅಪ್ಪನಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು, “ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಕಣಮ್ಮ. ನೀನು ಡ್ರೈವರ್ ಮಗಳು. ಹಿಂದಿನ ಸೀಟಿನ ವ್ಯವಹಾರ ಹಿಂದಿನ ಸೀಟಿಗೇ ಬಿಡು” ಅಂದರು. ನನಗೆ ಬೇಕಾಗಿದ್ದೂ ಅದೇ ಮಾತು.

ನನ್ನ ಫ್ಲ್ಯಾಟ್‌ಮೇಟ್ ಹುಬ್ಬಳ್ಳಿಯವಳು, ಆಸ್ಪತ್ರೆಯಲ್ಲಿ ನರ್ಸು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನನ್ನ ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದಳು. “ಅಕ್ಕಾ, ನಮ್ಮ ವಾರ್ಡಿನ್ಯಾಗ ತಪ್ಪು ಗುಳಿಗಿ ಕೊಟ್ರ ಮೊದ್ಲ ನಾ ಕೊಟ್ಟೆ ಅಂತ ಬರೀಬೇಕು. ಬರದ್ರ ಬೈತಾರ, ಮುಚ್ಚಿಟ್ರ ಪೇಶಂಟ್ ಸಾಯ್ತಾನ. ನೀ ಹೇಳಿಬಿಡು” ಅಂದಳು.

“ನಿಂದೇನು, ಪಿ.ಆರ್. ಬಂದಾಗಿದೆ. ಮಾತಾಡೋಕೆ ಸುಲಭ” ಎಂದು ರೇಗಿದೆ. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾಲ್ಕು ದಿನ ನಮ್ಮಿಬ್ಬರ ನಡುವೆ ಹಾಲು ತಂದೆಯಾ, ಬೀಗ ಹಾಕಿದೆಯಾ ಎಂಬಷ್ಟೇ ಮಾತು ನಡೆಯಿತು.

ವಿಚಾರಣೆಯ ಕೋಣೆ ಚಿಕ್ಕದು. ಒಂದು ಮೇಜು, ಐದು ಕುರ್ಚಿ, ಮಧ್ಯೆ ಸ್ಪೀಕರಿನ ಫೋನು. ಹೊರಗೆ ವೆಲ್ಲಿಂಗ್ಟನ್ನಿನ ಗಾಳಿ ಕಿಟಕಿಯ ಗಾಜನ್ನು ಅಲ್ಲಾಡಿಸುತ್ತಿತ್ತು. ಅಧಿಕಾರಿ ನಲವತ್ತರ ಆಸುಪಾಸಿನ ಸೌಮ್ಯ ಮನುಷ್ಯ. ವೃದ್ಧರು ಕಂದು ಬಣ್ಣದ ಹಳೆಯ ಕೋಟು ಹಾಕಿ ಟೈ ಕಟ್ಟಿಕೊಂಡು ಬಂದಿದ್ದರು. ಪಕ್ಕದಲ್ಲಿ ಮಗಳು, ಆಚೆ ಬದಿಯಲ್ಲಿ ಕಚೇರಿಯ ಪರವಾಗಿ ನಾನು. ಮೇಡಂ ಬಂದಿರಲಿಲ್ಲ. ಮಗಳು ಅನುವಾದ ಮಾಡುವಂತಿರಲಿಲ್ಲ. ಆಕ್ಲೆಂಡಿನಿಂದ ಒಬ್ಬ ದುಭಾಷಿ ಹೆಂಗಸು ಫೋನಿನಲ್ಲಿ ಇದ್ದರು.

ಮೊದಲ ಅರ್ಧ ಗಂಟೆ ಊರು, ಮನೆ, ಯುದ್ಧ. ಆಮೇಲೆ ಅಧಿಕಾರಿ ಅರ್ಜಿಯ ಮೊದಲ ಪುಟವನ್ನು ನಮ್ಮ ಕಡೆ ತಿರುಗಿಸಿ ಆ ಚೌಕದ ಮೇಲೆ ಪೆನ್ನಿಟ್ಟರು. “ಇಲ್ಲಿ ಮಂತ್ರಿ ಎಂದು ಬರೆದವರು ಯಾರು?”

ದುಭಾಷಿ ಅದನ್ನು ಹೇಳತೊಡಗಿದರು. ಅರ್ಧದಲ್ಲಿ ಕರಕರ ಸದ್ದಾಗಿ ಫೋನು ಸತ್ತಿತು.

“ಕ್ಷಮಿಸಿ” ಎಂದು ಅಧಿಕಾರಿ ಮತ್ತೆ ನಂಬರ್ ಒತ್ತಿದರು. ಹೋಗಲಿಲ್ಲ. ಮತ್ತೆ ಒತ್ತಿದರು. ಪ್ರಶ್ನೆ ಇಂಗ್ಲಿಷಿನಲ್ಲಿತ್ತು, ಕೋಣೆಯಲ್ಲಿದ್ದ ನಮಗೆಲ್ಲ ಅರ್ಥವಾಗಿತ್ತು. ಉತ್ತರ ನನ್ನ ಬಾಯಲ್ಲಿತ್ತು. ನಾನು ಬರೆದೆ ಅನ್ನಲು ಒಂದು ಉಸಿರು ಸಾಕು, ದುಭಾಷಿ ಬೇಕಾಗಿರಲಿಲ್ಲ. ಅಧಿಕಾರಿ ಮೂರನೆಯ ಸಲ ನಂಬರ್ ಒತ್ತಿದರು. ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ನನ್ನ ಫೈಲಿನ ಕ್ಲಿಪ್ಪು ತೆಗೆದು ಹಾಕಿದೆ, ತೆಗೆದು ಹಾಕಿದೆ. ನನ್ನ ವೀಸಾ, ನನ್ನ ಬಾಡಿಗೆ ಮನೆ, ಅಪ್ಪ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದು, ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ವೃದ್ಧರು ಮಗಳ ಕೈ ಮೇಲೆ ತಮ್ಮ ಕೈಯಿಟ್ಟರು. ಅವರು ನನ್ನ ಕಡೆ ತಿರುಗಲಿಲ್ಲ.

“ಹಲೋ, ಕೇಳಿಸುತ್ತಿದೆಯೇ?” ಅಂತು ಫೋನು.

ಅವರು ತಮ್ಮ ಭಾಷೆಯಲ್ಲಿ ನಿಧಾನವಾಗಿ ಮಾತಾಡಿದರು. ದುಭಾಷಿಯ ದನಿ ಅದನ್ನು ಇಂಗ್ಲಿಷಿನಲ್ಲಿ ಹೇಳಿತು. “ನಾನು ಬರೆಸಿದೆ. ಈ ಹುಡುಗಿ ಎರಡು ಸಲ ಕೇಳಿದಳು, ನಿಜವೇ ಎಂದು. ಹೌದು ಬರಿ ಅಂದೆ. ನನಗೆ ಆ ಪದ ಇಷ್ಟ. ನಾನು ಜಂಬದ ಮನುಷ್ಯ.”

ಅಧಿಕಾರಿ ನನ್ನ ಕಡೆ ನೋಡಿದರು. “ಹೀಗೇ ಆಯಿತೇ?”

ನಾನು ತಲೆಯಾಡಿಸಿದೆ. ನಮ್ಮ ಕಡೆಯ ತಲೆಯಾಟ, ಹೌದೋ ಅಲ್ಲವೋ ತಿಳಿಯದಂಥದು. ಅವರು ಹೌದು ಎಂದು ಬರೆದುಕೊಂಡರು.

ಮೂರು ವಾರದ ಮೇಲೆ ನಿರಾಕರಣೆ ಬಂತು. ತಿಳಿದೂ ತಿಳಿದೂ ಸುಳ್ಳು ಮಾಹಿತಿ ಕೊಟ್ಟಿದ್ದಾರೆ ಎಂಬ ಮಾತು ಅವರ ಹೆಸರಿನ ಜೊತೆ ದಾಖಲಾಯಿತು. ಹಾಗೆ ದಾಖಲಾದವರಿಗೆ ಮುಂದೆಯೂ ಬಾಗಿಲು ತೆರೆಯುವುದು ಕಷ್ಟ. ಅವರು ತಮ್ಮ ಊರಿಗೆ ಹೋಗಲಾಗದೆ ಉಕ್ರೇನಿನ ರಾಜಧಾನಿಯಲ್ಲಿದ್ದ ತಂಗಿಯ ಮನೆಗೆ ಹೋದರು. ಹೊರಟ ದಿನ ನಾನು ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ. ಕಚೇರಿಯಲ್ಲಿ ಕೂತು ಬೇರೆ ಯಾರದೋ ಅರ್ಜಿ ತುಂಬುತ್ತಿದ್ದೆ. ಮೇಡಂ ನನ್ನ ಮೇಜಿನ ಮೇಲೆ ಒಂದು ಕಪ್ ಕಾಫಿ ತಂದಿಟ್ಟರು. ಕುಡಿಯದೆ ಸಿಂಕಿಗೆ ಸುರಿದೆ.

ಆಮೇಲೆ ಮಗಳಿಂದ ತಿಂಗಳಿಗೊಂದು ಮೆಸೇಜ್ ಬರತೊಡಗಿತು. ‘ನಿಮ್ಮ ಕಾಗದ ಬಂತೇ?’ ಅಷ್ಟೇ. ಅಪ್ಪನ ಸುದ್ದಿಯಿಲ್ಲ, ಬೈಗುಳವಿಲ್ಲ. ಮೊದಲ ಸಲ ಸೌಜನ್ಯ ಅಂದುಕೊಂಡೆ. ಎರಡನೆಯ ಸಲ ಕುಟುಕುತ್ತಿದ್ದಾಳೆ ಅನ್ನಿಸಿತು. ಆಮೇಲಾಮೇಲೆ ಫೋನು ಗುಂಯ್‌ಗುಟ್ಟಿದರೆ ನೋಡಲು ತಡಮಾಡುತ್ತಿದ್ದೆ. ‘ಇಲ್ಲ’ ಎಂದು ಉತ್ತರಿಸಿ ಫೋನು ಬೋರಲು ಹಾಕುತ್ತಿದ್ದೆ. ಏಳನೆಯ ತಿಂಗಳು ‘ಬಂತು, ಹೋದ ವಾರ’ ಎಂದು ಬರೆದೆ. ಮಾರನೆಯ ದಿನ ಮಧ್ಯಾಹ್ನ ಅವಳು ರಜೆ ಹಾಕಿ ವೆಲ್ಲಿಂಗ್ಟನ್ನಿಗೆ ಬಂದಳು.

ರೈಲು ನಿಲ್ದಾಣದ ಬಳಿಯ ಕಾಫಿ ಅಂಗಡಿಯಲ್ಲಿ ಕೂತೆವು. ಅವಳು ಕಾಫಿ ತರಿಸಲಿಲ್ಲ. ಬ್ಯಾಗಿನಿಂದ ಒಂದು ಖಾಲಿ ಹಾಳೆಯನ್ನೂ ಪೆನ್ನನ್ನೂ ತೆಗೆದು ನನ್ನ ಮುಂದಿಟ್ಟಳು.

“ಆ ದಿನ ಫೋನು ಸತ್ತಾಗ ನೀವು ಹೇಳುತ್ತೀರಿ ಅಂದುಕೊಂಡಿದ್ದೆ” ಅಂದಳು. “ನೀವು ಹೇಳಲಿಲ್ಲ. ಹೊರಗೆ ಬಂದ ಮೇಲೆ ನಾನೇ ಒಳಗೆ ಹೋಗಿ ಹೇಳುತ್ತೇನೆ ಎಂದು ಹೊರಟೆ. ಅಪ್ಪ ತಡೆದರು. ಈಗ ಹೇಳಿದರೆ ಆ ಹುಡುಗಿ ಈ ದೇಶ ಬಿಡಬೇಕಾಗುತ್ತದೆ, ಅವಳ ಕಾಗದ ಬರುವವರೆಗೆ ಕೇಳಬೇಡ, ಬಂದ ಮೇಲೆ ಕೇಳು, ಆಗ ಬರೆದುಕೊಡುತ್ತಾಳೆ ಅಂದರು. ನಾನು ನಂಬಲಿಲ್ಲ. ಆದರೂ ಕಾದೆ.”

ನನಗೆ ಅಳು ಬಂತು. ಆ ಕಾಫಿ ಅಂಗಡಿಯಲ್ಲಿ, ಊಟದ ಹೊತ್ತಿನ ಗಿರಾಕಿಗಳ ನಡುವೆ, ಮೂಗು ಸುರಿಸಿಕೊಂಡು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಬರೆದೆ. ಆ ಚೌಕವನ್ನು ನಾನೇ ತುಂಬಿದೆ, ಅವರನ್ನು ಕೇಳಲಿಲ್ಲ, ಅವರು ಹಾಗೆ ಹೇಳಲೂ ಇಲ್ಲ, ವಿಚಾರಣೆಯ ದಿನ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಅವಳು ಎರಡು ಸಲ ಓದಿ ಹಾಳೆಯನ್ನು ನನಗೇ ವಾಪಸ್ಸು ಕೊಟ್ಟಳು. “ಇದನ್ನು ನೀವೇ ಹೋಗಿ ಕೊಡಬೇಕು” ಅಂದಳು. ಅವಳು ಜೊತೆಗೆ ಬರಲಿಲ್ಲ.

ಆ ಕೆಲಸ ಅದೇ ತಿಂಗಳು ಹೋಯಿತು. ಅದರ ಬಗ್ಗೆ ನನಗೆ ದುಃಖವಿಲ್ಲ. ವೃದ್ಧರ ಹೆಸರಿನ ಜೊತೆಗಿದ್ದ ಮಾತನ್ನು ಇಲಾಖೆ ಆಮೇಲೆ ತೆಗೆದುಹಾಕಿತು. ಅಷ್ಟರಲ್ಲಿ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ, ಇಷ್ಟು ದೂರದ ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಗಳೇ ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಾಳೆ.

ಆ ಮಧ್ಯಾಹ್ನ ಕಾಫಿ ಅಂಗಡಿಯಿಂದ ಎದ್ದು ನಾನು ಒಬ್ಬಳೇ ಇಲಾಖೆಯ ಕೌಂಟರಿಗೆ ಹೋಗಿ ಹಾಳೆ ಕೊಟ್ಟೆ. ಕಾಯಲು ಹೇಳಿದರು. ಇಪ್ಪತ್ತು ನಿಮಿಷದ ಮೇಲೆ ಅದೇ ಅಧಿಕಾರಿ ಹಾಳೆ ಹಿಡಿದು ಹೊರಗೆ ಬಂದರು. ನನ್ನ ಎದುರಿನ ಕುರ್ಚಿಯಲ್ಲಿ ಕೂತು ಇನ್ನೊಮ್ಮೆ ಓದಿದರು.

“ಗುಮಾಸ್ತೆಯ ಕೈತಪ್ಪು ಎಂದಿದ್ದರೆ ಅವತ್ತೇ ತಿದ್ದಿ ವೀಸಾ ಕೊಡುತ್ತಿದ್ದೆ” ಅಂದರು. “ಆ ದಿನ ಯಾಕೆ ಹೇಳಲಿಲ್ಲ?”

“ಹೇಳಬಹುದಿತ್ತು” ಅಂದೆ.